ಲೋಕಲ್: ಒಂದು ಪದ, ಮೂರು ನಿಲ್ದಾಣ

ಡೊಂಬಿವಲಿಯ ಕನ್ನಡ ಮನೆಗಳಲ್ಲಿ ‘ಲೋಕಲ್’ ಪದಕ್ಕೆ ಕಡಿಮೆಯೆಂದರೂ ಮೂರು ಅರ್ಥ. ‘ಲೋಕಲ್ ತಪ್ಪಿತು’ ಎಂದರೆ ರೈಲು. ‘ಲೋಕಲ್ ಮಾಲು’ ಎಂದರೆ ಕಳಪೆ ಸರಕು. ‘ಅವರು ಲೋಕಲ್’ ಎಂದರೆ ಇಲ್ಲಿನವರೇ, ಈ ಮಣ್ಣಿನವರು.

ಮೂಲ, ಲ್ಯಾಟಿನ್ನಿನ ‘ಲೋಕಸ್’; ಅರ್ಥ, ಸ್ಥಳ. ಅದರಿಂದ ‘ಲೋಕಾಲಿಸ್’, ಅಲ್ಲಿಂದ ಫ್ರೆಂಚ್ ದಾರಿಯಾಗಿ ಇಂಗ್ಲಿಷಿನ ‘ಲೋಕಲ್’. ಸಂಸ್ಕೃತದ ‘ಲೋಕ’ಕ್ಕೂ ಇದಕ್ಕೂ ನಂಟಿದೆ ಎಂದು ಕಿವಿ ಹೇಳುತ್ತದೆ. ಆದರೆ ‘ಲೋಕಸ್’ನ ಹಳೆಯ ರೂಪ ‘ಸ್ಟ್ಲೋಕಸ್’. ‘ಲೋಕ’ದ ಲ್ಯಾಟಿನ್ ದಾಯಾದಿ ಬೇರೆಯೇ: ‘ಲೂಕಸ್’, ಅಂದರೆ ದೇವರ ಬನ.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿತು: 14 ಡಬ್ಬಿ, ಸುಮಾರು 400 ಜನ, 34 ಕಿ.ಮೀ. ಮರುವರ್ಷ ಹಳಿ ಕಲ್ಯಾಣ್ ಮುಟ್ಟಿತು. 1925ರಲ್ಲಿ ಮುಂಬಯಿಗೆ ವಿದ್ಯುತ್ ರೈಲು ಬಂತು. 1992ರಲ್ಲಿ ಲೋಕಲ್ ಥಾಣೆ ಖಾಡಿಯನ್ನು ದಾಟಿ ನವಿಮುಂಬಯಿಯ ವಾಶಿಗೆ ಹೋಯಿತು. ಇಂಗ್ಲಿಷಿನ ರೂಢಿಯಲ್ಲಿ ಲೋಕಲ್ ರೈಲೆಂದರೆ ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವುದು, ಎಕ್ಸ್‌ಪ್ರೆಸ್ಸಿಗೆ ವಿರುದ್ಧವಾದದ್ದು. ಮುಂಬಯಿಯಲ್ಲಿ ನಿಲ್ದಾಣಗಳನ್ನು ಬಿಟ್ಟು ಓಡುವುದೂ ಲೋಕಲ್ಲೇ, ‘ಫಾಸ್ಟ್ ಲೋಕಲ್’. ಲಂಡನ್ನಿನವನು ‘ಲೋಕಲ್‌ಗೆ ಹೊರಟೆ’ ಎಂದರೆ ಹೊರಟದ್ದು ಮನೆ ಹತ್ತಿರದ ಪಬ್ಬಿಗೆ.

ಎರಡನೆಯ ಅರ್ಥಕ್ಕೆ ಸಾಕ್ಷಿ ಕಲ್ಯಾಣ್ ಪಕ್ಕದ ಉಲ್ಲಾಸನಗರ. ದೇಶವಿಭಜನೆಯಲ್ಲಿ ಮನೆಮಾರು ಕಳೆದುಕೊಂಡು ಬಂದ ಸಿಂಧಿಗಳು ಸೈನ್ಯದ ಹಳೆಯ ಶಿಬಿರದಲ್ಲಿ ಕಟ್ಟಿದ ಊರದು. ಅಲ್ಲಿನ ಸರಕಿನ ಮೇಲೆ ‘ಮೇಡ್ ಇನ್ ಯುಎಸ್‌ಎ’ ಎಂದಿದ್ದರೆ ‘ಉಲ್ಲಾಸನಗರ ಸಿಂಧಿ ಅಸೋಸಿಯೇಶನ್’ ಎಂದು ಓದಿಕೊಳ್ಳಬೇಕೆಂಬ ನಗೆಮಾತು ಇಂದಿಗೂ ಇದೆ. 1905ರ ಚಳವಳಿಯಲ್ಲಿ ಊರಲ್ಲೇ ಮಾಡಿದ ವಸ್ತು ‘ಸ್ವದೇಶಿ’ ಎಂದು ಗೌರವ ಪಡೆದಿತ್ತು. ಅಂಥದೇ ವಸ್ತು ‘ಲೋಕಲ್’ ಎನಿಸಿಕೊಂಡ ಕೂಡಲೇ ಬೆಲೆ ಇಳಿಯಿತು.

ಮೂರನೆಯ ಅರ್ಥವೇ ಕಷ್ಟದ್ದು. ಸರಕಿಗೆ ಅಂಟಿದರೆ ಅವಮಾನವಾಗುವ ಪದ, ಮನುಷ್ಯನಿಗೆ ಅಂಟಿದರೆ ಹಕ್ಕಾಗುತ್ತದೆ. ಉಡುಪಿ, ಕಾರ್ಕಳ, ಕುಂದಾಪುರದ ಕಡೆಯಿಂದ ಬಂದು ಹೋಟೆಲು, ಬ್ಯಾಂಕು, ಕಾರ್ಖಾನೆಗಳಲ್ಲಿ ದುಡಿದವರು ಡೊಂಬಿವಲಿಯಲ್ಲಿ ಮನೆ ಮಾಡಿದರು, ಸಂಘ ಕಟ್ಟಿದರು, ಮಕ್ಕಳನ್ನು ಮರಾಠಿಯಲ್ಲಿ ಜಗಳವಾಡುವಷ್ಟು ಇಲ್ಲಿಯವರನ್ನಾಗಿ ಬೆಳೆಸಿದರು. ಆದರೂ ‘ನಿಮ್ಮ ಊರು ಯಾವುದು?’ ಎಂದರೆ ಮಕ್ಕಳೂ ಕಾರ್ಕಳ ಎನ್ನುತ್ತಾರೆ. ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋದರೆ ಅಲ್ಲಿಯವರು ಕರೆಯುವುದು ‘ಬೊಂಬಾಯಿಯವರು’ ಎಂದು.

ಲ್ಯಾಟಿನ್ನಿನ ‘ಲೋಕಸ್’ ಯಾರು ಎಲ್ಲಿ ಹುಟ್ಟಿದರೆಂದು ಕೇಳುವುದಿಲ್ಲ, ಎಲ್ಲಿದ್ದಾರೆಂದಷ್ಟೇ ಹೇಳುತ್ತದೆ. ಬೆಳಗಿನ ಫಾಸ್ಟ್ ಲೋಕಲ್ಲಿನ ಬಾಗಿಲಲ್ಲಿ, ಒಬ್ಬರ ಹೆಗಲಿಗೊಬ್ಬರು ಒತ್ತಿಕೊಂಡು ನಿಂತವರಿಗೆ ಪದದ ಆ ಹಳೆಯ ಅರ್ಥವೇ ಸಾಕು: ಕಾಲಿಡಲು ಒಂದಿಷ್ಟು ಜಾಗ.