45ರ ಬೋಧಕ, 26ರ ಚಾಂಪಿಯನ್

1994ರ ನವೆಂಬರ್ 5, ಲಾಸ್ ವೇಗಸ್. ಆ ಹೆವಿವೇಟ್ ಬಾಕ್ಸಿಂಗ್ ಪಂದ್ಯಕ್ಕೆ ಮುಂಚೆ ಕೇಳಿದ್ದರೆ ನಾವೂ ಮೈಕೆಲ್ ಮೂರರ್ ಗೆಲ್ಲುತ್ತಾರೆ ಎಂದೇ ಹೇಳುತ್ತಿದ್ದೆವು. ವಯಸ್ಸು 26, 35 ಪಂದ್ಯಗಳಲ್ಲಿ ಒಂದೂ ಸೋಲಿಲ್ಲ. ಏಪ್ರಿಲ್‌ನಲ್ಲಷ್ಟೇ ಹೋಲಿಫೀಲ್ಡ್ ಅವರನ್ನು ಸೋಲಿಸಿ ಚಾಂಪಿಯನ್ ಆಗಿದ್ದರು.

ಎದುರಾಳಿ ಜಾರ್ಜ್ ಫೋರ್‌ಮನ್‌ಗೆ 45. 1977ರ ಒಂದು ಸೋಲಿನ ನಂತರ ಕ್ರಿಸ್ತನನ್ನು ನಂಬಿ, ಗ್ಲೌಸ್ ಬಿಚ್ಚಿಟ್ಟು, ಹ್ಯೂಸ್ಟನ್‌ನಲ್ಲಿ ಸಭೆ ನಡೆಸುತ್ತಿದ್ದ ಬೋಧಕ. ತಾವು ತೆರೆದ ಯುವಕೇಂದ್ರಕ್ಕೆ ದುಡ್ಡು ಸಾಲದಾದಾಗ, ಹತ್ತು ವರ್ಷದ ಮೇಲೆ ರಿಂಗಿಗೆ ಮರಳಿದ್ದರು. (ನಮ್ಮ ಯುವಸಂಘದ ಖಜಾಂಚಿಗೆ ಈ ಕಷ್ಟ ಬೇಗ ಅರ್ಥವಾದೀತು!) 1993ರ ಜೂನ್‌ನಲ್ಲಿ ಟಾಮಿ ಮಾರಿಸನ್ ಎದುರು ಸೋತ ಮೇಲೆ ಪಂದ್ಯವನ್ನೇ ಆಡಿರಲಿಲ್ಲ.

ಆದರೆ ಲೆಕ್ಕ ಹಾಕಿದವರು ಎರಡು ಸಂಗತಿ ಮರೆತಿದ್ದರು. ವಯಸ್ಸಾದರೆ ಕಾಲು ನಿಧಾನವಾಗುತ್ತದೆ, ಹೊಡೆತದ ಬಲ ಅಷ್ಟು ಬೇಗ ಹೋಗುವುದಿಲ್ಲ. ಮೂರರ್ ಎಡಗೈ ಬಾಕ್ಸರ್. ಅಂಥವರಿಗೆ ಎದುರಾಳಿಯ ನೇರ ಬಲಗೈ ಹೊಡೆತವೇ ಅಪಾಯ.

ಒಂಬತ್ತು ಸುತ್ತು ಮುಗಿದಾಗ ಮೂವರು ತೀರ್ಪುಗಾರರ ಅಂಕಗಳಲ್ಲೂ ಮೂರರ್ ಮುಂದಿದ್ದರು. ಹತ್ತನೆಯದರಲ್ಲಿ ಆ ಬಲಗೈ ಗದ್ದಕ್ಕೆ ಬಿತ್ತು. ಎಣಿಕೆ ಮುಗಿಯುವುದರೊಳಗೆ ಮೂರರ್ ಏಳಲಿಲ್ಲ. ಅಷ್ಟು ವಯಸ್ಸಿನಲ್ಲಿ ಹೆವಿವೇಟ್ ಪಟ್ಟ ಅದಕ್ಕೆ ಮುಂಚೆ ಯಾರಿಗೂ ಸಿಕ್ಕಿರಲಿಲ್ಲ. 1974ರಲ್ಲಿ ಕಿನ್ಶಾಸಾದಲ್ಲಿ ಮುಹಮ್ಮದ್ ಅಲಿಗೆ ಸೋತಾಗ ತೊಟ್ಟಿದ್ದ ಅದೇ ಕೆಂಪು ಚಡ್ಡಿಯಲ್ಲಿ, ಫೋರ್‌ಮನ್ ರಿಂಗಿನ ಮೂಲೆಯಲ್ಲಿ ಮೊಣಕಾಲೂರಿ ಪ್ರಾರ್ಥಿಸಿದರು.