ಹಟದಿಂದ ಅಪರಾಧದವರೆಗೆ: ಒಂದು ಟಿಪ್ಪಣಿ

ಬಾಲಾಪರಾಧಕ್ಕೆ ಬಡತನವನ್ನೋ ಕೆಟ್ಟ ಸಹವಾಸವನ್ನೋ ಕಾರಣವೆನ್ನುವುದು ರೂಢಿ. ಅಮೆರಿಕದ ಓರೆಗಾನ್ ರಾಜ್ಯದ ಮನಶ್ಶಾಸ್ತ್ರಜ್ಞ ಜೆರಾಲ್ಡ್ ಪ್ಯಾಟರ್ಸನ್ ಮತ್ತು ಸಂಗಡಿಗರು ಇವುಗಳನ್ನು ಅಲ್ಲಗಳೆಯಲಿಲ್ಲ. ಆದರೆ ಅದಕ್ಕೂ ಮೊದಲು ಮನೆಯೊಳಗೆ ಏನು ನಡೆಯುತ್ತದೆಂದು ಕೂತು ನೋಡಿದರು. ಯಾರು ಏನೆಂದರು, ಮಗು ಏನು ಮಾಡಿತು, ಮರುಕ್ಷಣ ಏನಾಯಿತು ಎಂಬುದನ್ನೆಲ್ಲ ಬರೆದಿಟ್ಟುಕೊಂಡರು. 1982ರಲ್ಲಿ ಬಂದ ಪ್ಯಾಟರ್ಸನ್‌ರ ಪುಸ್ತಕ ಇಂಥ ವೀಕ್ಷಣೆಗಳ ಫಲ.

ಅವರು ಕಂಡದ್ದು ಹೀಗೆ. ತಾಯಿ ಟಿ.ವಿ. ಆರಿಸು ಎನ್ನುತ್ತಾಳೆ. ಹುಡುಗ ಕಿರುಚುತ್ತಾನೆ. ಆಕೆ ಗದರುತ್ತಾಳೆ, ಅವನು ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ. ಕೊನೆಗೆ ಆಕೆ ಸೋತು ಅಡುಗೆಮನೆಗೆ ಹೋಗುತ್ತಾಳೆ, ಗಲಾಟೆ ನಿಲ್ಲುತ್ತದೆ. ಕಿರುಚಿದರೆ ಕೆಲಸವಾಗುತ್ತದೆಂದು ಮಗ ಕಲಿತ. ಬಿಟ್ಟುಕೊಟ್ಟರೆ ನೆಮ್ಮದಿಯೆಂದು ತಾಯಿ ಕಲಿತಳು. ನಾಳೆ ಇದೇ ತಪ್ಪಿಗೆ ಏಟು ಬೀಳಬಹುದು, ನಾಡಿದ್ದು ಏನೂ ಆಗದಿರಬಹುದು. ಈ ಅನಿಶ್ಚಿತ ಶಿಸ್ತೇ ಹಟವನ್ನು ಬೆಳೆಸುತ್ತದೆ. ಇದರಲ್ಲಿ ತಾಯಿಯನ್ನು ದೂರುವುದು ಅನ್ಯಾಯ. ಬಡತನ, ಗಂಡ-ಹೆಂಡಿರ ಜಗಳ, ಖಿನ್ನತೆಗಳೆಲ್ಲ ಆಕೆಯ ತಾಳ್ಮೆಯನ್ನು ಮೊದಲೇ ಹಿಂಡಿರುತ್ತವೆ.

ಇದೇ ನಡತೆ ಶಾಲೆಗೆ ಬಂದಾಗ ಸಹಪಾಠಿಗಳು ದೂರ ಸರಿಯುತ್ತಾರೆ, ಪಾಠವೂ ಹಿಂದೆ ಬೀಳುತ್ತದೆ. ಹೊರಗಾದವರು ಪರಸ್ಪರ ಹತ್ತಿರವಾಗುತ್ತಾರೆ. ಓರೆಗಾನ್‌ನಲ್ಲೇ ಮನಶ್ಶಾಸ್ತ್ರಜ್ಞ ಥಾಮಸ್ ಡಿಶನ್ ಇಬ್ಬಿಬ್ಬರು ಗೆಳೆಯರ ಮಾತುಕತೆಯನ್ನು ವಿಡಿಯೊದಲ್ಲಿ ದಾಖಲಿಸಿದರು. ನಿಯಮ ಮುರಿದ ಕಥೆಗೆ ನಗು ಸಿಕ್ಕಷ್ಟೂ ಮುಂದೆ ಅಪರಾಧ ಹೆಚ್ಚಿದ್ದು ಕಂಡುಬಂತು.

ಇಲ್ಲೊಂದು ಎಚ್ಚರ ಬೇಕು. ಅಮೆರಿಕದ ಸೇಂಟ್ ಲೂಯಿಸ್‌ನ ಮಕ್ಕಳ ಕ್ಲಿನಿಕ್ಕೊಂದಕ್ಕೆ ಬಂದಿದ್ದ 500ಕ್ಕೂ ಹೆಚ್ಚು ಮಕ್ಕಳು ದೊಡ್ಡವರಾದ ಮೇಲೆ ಏನಾದರೆಂದು ಹುಡುಕಿದ ಸಂಶೋಧಕಿ ಲೀ ರಾಬಿನ್ಸ್, 1966ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಮಾಜಘಾತುಕ ನಡತೆಯ ವಯಸ್ಕರಲ್ಲಿ ಬಹುತೇಕ ಎಲ್ಲರೂ ಬಾಲ್ಯದಲ್ಲೂ ಹಾಗೇ ಇದ್ದವರು; ಆದರೆ ಅಂಥ ಮಕ್ಕಳಲ್ಲಿ ಹೆಚ್ಚಿನವರು ಹಾಗಾಗಲಿಲ್ಲ. ಮೊದಲರ್ಧವನ್ನಷ್ಟೇ ಓದಿ ಆರು ವರ್ಷದ ಮಗುವಿಗೆ ಅಪರಾಧಿಯ ಹಣೆಪಟ್ಟಿ ಕಟ್ಟುವುದು ಶಾಸ್ತ್ರವೂ ಅಲ್ಲ, ಕರುಣೆಯೂ ಅಲ್ಲ.

ಸದುದ್ದೇಶವೂ ಎಡವಬಲ್ಲದು. ಮ್ಯಾಸಚೂಸೆಟ್ಸ್‌ನಲ್ಲಿ ಹುಡುಗರು ಅಪರಾಧಕ್ಕಿಳಿಯದಂತೆ ತಡೆಯಲೆಂದು 1939ರಲ್ಲಿ ಶುರುವಾದ ಕೇಂಬ್ರಿಜ್–ಸಾಮರ್‌ವಿಲ್ ಯೋಜನೆಯಲ್ಲಿ ನೆರವು ಪಡೆದ ಹುಡುಗರನ್ನು ಸಂಶೋಧಕಿ ಜೋನ್ ಮೆಕಾರ್ಡ್ ದಶಕಗಳ ನಂತರ ಪತ್ತೆಹಚ್ಚಿದರು. ನೆರವು ಸಿಗದವರಿಗಿಂತ ಇವರ ಸ್ಥಿತಿ ಹಲವು ವಿಷಯಗಳಲ್ಲಿ ಕೆಟ್ಟಿತ್ತು. ಯೋಜನೆಯಡಿ ಇತರ ಹುಡುಗರೊಂದಿಗೆ ಬೇಸಿಗೆ ಶಿಬಿರಕ್ಕೆ ಮತ್ತೆಮತ್ತೆ ಹೋದವರದಂತೂ ಇನ್ನೂ ಕೆಟ್ಟಿತ್ತು.

ಪ್ಯಾಟರ್ಸನ್ ತಂಡ ಹಿಡಿದ ದಾರಿ ಬೇರೆ: ಹೇಳುವುದನ್ನು ಸ್ಪಷ್ಟವಾಗಿ ಹೇಳುವುದು, ಮಾತು ಕೇಳಿದಾಗ ಮೆಚ್ಚುವುದು, ಕೇಳದಿದ್ದಾಗ ಸಣ್ಣದಾದರೂ ತಪ್ಪದ ಶಿಕ್ಷೆ ಕೊಡುವುದು, ಇವನ್ನು ಹೆತ್ತವರಿಗೆ ಕಲಿಸುವುದು. ತುಂಟರನ್ನೆಲ್ಲ ಒಂದೆಡೆ ಸೇರಿಸಿ ತಿದ್ದಲು ಹೊರಡುವ ಶಾಲೆಗಳೂ ಇಲಾಖೆಗಳೂ ಅದಕ್ಕೆ ಮುನ್ನ ಮೆಕಾರ್ಡ್ ಅವರ ಫಲಿತಾಂಶವನ್ನು ಓದಲಿ.