ಹೊಲಿದಿಟ್ಟ ಸಮಾಧಿಗಳು

ಅಮೆರಿಕದ ಕೆಂಟಕಿ ಸಂಸ್ಥಾನದ ಲೂಯಿಸ್ ಕೌಂಟಿಯಲ್ಲಿದ್ದ ಎಲಿಜಬೆತ್ ರೋಸ್‌ಬೆರಿ ಮಿಚೆಲ್ ಎಂಬ ಗೃಹಿಣಿ, ಒಹಾಯೊದಲ್ಲಿ ಮಣ್ಣಾದ ತನ್ನ ಇಬ್ಬರು ಗಂಡುಮಕ್ಕಳ ನೆನಪಿಗೆ 1843ರಲ್ಲಿ ಹೊಲಿಯತೊಡಗಿದ ಕೌದಿಯು ಸಾವನ್ನು ಬಟ್ಟೆಯಲ್ಲಿ ದಾಖಲಿಸಿದ ಕೃತಿಗಳಲ್ಲಿ ಅತ್ಯಂತ ನೇರವಾದದ್ದು. ಕಂದುಬಣ್ಣದ ಬಟ್ಟೆಯ ಎಂಟು ಮೊನೆಯ ನಕ್ಷತ್ರಗಳ ನಡುವೆ ಬೇಲಿ ಹಾಕಿದ ಒಂದು ಸ್ಮಶಾನ, ಅಂಚಿನಿಂದ ಅಲ್ಲಿಗೆ ಸಾಗುವ ಒಂದು ದಾರಿ, ಅಂಚಿನಲ್ಲಿ ಮನೆಮಂದಿಯ ಹೆಸರಿನ ಚೀಟಿ ಹೊತ್ತ ಶವಪೆಟ್ಟಿಗೆಯಾಕಾರದ ತುಂಡುಗಳು: ಇದು ಅದರ ವಿನ್ಯಾಸ. ಒಬ್ಬೊಬ್ಬರು ತೀರಿಕೊಂಡಂತೆ ಅವರ ತುಂಡಿನ ಹೊಲಿಗೆ ಬಿಚ್ಚಿ ಸ್ಮಶಾನದೊಳಗೆ ಹೊಲಿಯಬೇಕೆಂಬುದು ಅದರ ಹಿಂದಿನ ಯೋಜನೆಯಾಗಿತ್ತು. ಆದರೆ ಇಂದು ಕೆಂಟಕಿಯ ಇತಿಹಾಸ ಸಂಸ್ಥೆಯ ಸಂಗ್ರಹದಲ್ಲಿರುವ ಆ ಕೌದಿಯಲ್ಲಿ ಅನೇಕ ಪೆಟ್ಟಿಗೆಗಳು ಅಂಚಿನಲ್ಲೇ ಉಳಿದಿವೆ. ಹೊಲಿಯುವ ಕೈ ಎಲ್ಲಿ ನಿಂತಿತೋ ಅಲ್ಲಿಗೆ ಆ ಕುಟುಂಬದ ಲೆಕ್ಕವೂ ನಿಂತಿತು. ಕಲ್ಲಿನ ಸ್ಮಾರಕಕ್ಕೂ ಬಟ್ಟೆಯ ಸ್ಮಾರಕಕ್ಕೂ ಇರುವ ಮುಖ್ಯ ಅಂತರ ಇಲ್ಲಿದೆ: ಕಲ್ಲು ಒಮ್ಮೆ ಕೆತ್ತಿದರೆ ಮುಗಿಯಿತು, ಬಟ್ಟೆಗೆ ಮಾತ್ರ ಮುಂದಿನ ತಲೆಮಾರಿನ ಕೈ ಬೇಕು.

ಉತ್ತರ ಕರ್ನಾಟಕದ ಕೌದಿಯಂತೆ ಅಮೆರಿಕದಲ್ಲಿಯೂ ಉಟ್ಟು ಹಳತಾದ ಉಡುಪುಗಳ ತುಂಡುಗಳು ಕೌದಿಗೆ ಸೇರುತ್ತಿದ್ದುದರಿಂದ, ಸತ್ತವರ ಮೈಮೇಲಿದ್ದ ಬಟ್ಟೆ ಬದುಕಿರುವವರ ಹೊದಿಕೆಯಾಗುವುದು ಅಲ್ಲಿಯೂ ಸಹಜವಾಗಿತ್ತು. ಈ ಗೃಹಪದ್ಧತಿಯೇ ಒಂದೂವರೆ ಶತಮಾನದ ಬಳಿಕ ಸಾರ್ವಜನಿಕ ಶೋಕದ ರೂಪ ತಾಳಿತು. 1985ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಮೇಣದಬತ್ತಿ ಮೆರವಣಿಗೆಯಲ್ಲಿ ಏಡ್ಸ್‌ನಿಂದ ಸತ್ತವರ ಹೆಸರು ಬರೆದ ರಟ್ಟುಗಳನ್ನು ಸರ್ಕಾರಿ ಕಟ್ಟಡವೊಂದರ ಗೋಡೆಗೆ ಅಂಟಿಸಿದಾಗ, ಅದು ತೇಪೆ ಹಾಕಿದ ಕೌದಿಯಂತೆ ಕಂಡದ್ದೇ ಹೋರಾಟಗಾರ ಕ್ಲೀವ್ ಜೋನ್ಸ್ ಅವರಿಗೆ ಪ್ರೇರಣೆಯಾಯಿತು. 1987ರಲ್ಲಿ ಅವರು ಗೆಳೆಯ ಮಾರ್ವಿನ್ ಫೆಲ್ಡ್‌ಮನ್ ಹೆಸರಿನಲ್ಲಿ, ಏಡ್ಸ್‌ನಿಂದ ಸತ್ತವರ ನೆನಪಿನ ಕೌದಿಯ ಮೊದಲ ಫಲಕವನ್ನು ಸಿದ್ಧಪಡಿಸಿದರು.

ಪ್ರತಿ ಫಲಕದ ಅಳತೆ ಮೂರು ಅಡಿ ಅಗಲ, ಆರು ಅಡಿ ಉದ್ದ, ಅಂದರೆ ಸರಿಸುಮಾರು ಒಂದು ಗೋರಿಯಷ್ಟು. ಈ ಅಳತೆಯ ಹಿಂದೆ ಕಟುವಾದ ಕಾರಣವಿದೆ. ರೋಗದ ಕಳಂಕದಿಂದ ಕೆಲವು ಕುಟುಂಬಗಳು ಸತ್ತವರನ್ನು ದೂರವಿಟ್ಟಿದ್ದವು, ಶವಸಂಸ್ಕಾರದ ಸಂಸ್ಥೆಗಳಲ್ಲಿ ಹಲವು ದೇಹಗಳನ್ನು ಮುಟ್ಟಲು ಒಪ್ಪುತ್ತಿರಲಿಲ್ಲ. ಗೋರಿ ಸಿಗದವರಿಗೆ ಬಟ್ಟೆಯ ಮೇಲಾದರೂ ಗೋರಿಯಷ್ಟು ಜಾಗ ಸಿಕ್ಕಿತು. ಎಂಟು ಫಲಕಗಳನ್ನು ಜೋಡಿಸಿದರೆ ಹನ್ನೆರಡು ಅಡಿಯ ಒಂದು ಚೌಕವಾಗುತ್ತದೆ. ಅಂಗಿ, ಜೀನ್ಸ್, ಗೊಂಬೆ, ಛಾಯಾಚಿತ್ರ, ಪತ್ರ ಹೀಗೆ ಸತ್ತವರು ಮುಟ್ಟಿ ಬಳಸಿದ ವಸ್ತುಗಳನ್ನೆಲ್ಲ ಇದರಲ್ಲಿ ಹೊಲಿದಿರುವುದರಿಂದ ಕಲೆಯ ಸೊಗಸಿನ ಅಳತೆಗೋಲನ್ನು ಇಲ್ಲಿ ಹಿಡಿಯುವುದು ಸಲ್ಲದು. ಸೂಜಿ ಹಿಡಿದೇ ಗೊತ್ತಿಲ್ಲದವರ ಅಂಕುಡೊಂಕು ಹೊಲಿಗೆಗೂ ಇಲ್ಲಿ ಸಮಾನ ಸ್ಥಾನವಿದೆ.

1987ರ ಅಕ್ಟೋಬರ್ 11ರಂದು ವಾಷಿಂಗ್‌ಟನ್‌ನ ನ್ಯಾಷನಲ್ ಮಾಲ್ ಎಂಬ ಮಹಾಬಯಲಿನಲ್ಲಿ 1,920 ಫಲಕಗಳನ್ನು ಹಾಸಲಾಯಿತು. ಬಿಳಿಯುಡುಗೆ ತೊಟ್ಟವರು ಮಡಿಸಿಟ್ಟ ಚೌಕದ ಸುತ್ತ ನಿಂತು, ಕಮಲದ ದಳಗಳಂತೆ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ ನೆಲಕ್ಕೆ ಹಾಸುವುದೂ, ಸತ್ತವರ ಹೆಸರುಗಳನ್ನು ಗಟ್ಟಿಯಾಗಿ ಓದುವುದೂ ಈ ಪ್ರದರ್ಶನದ ವಿಧಿಯಾಗಿ ಬೆಳೆಯಿತು. 1988ರಲ್ಲಿ ಫಲಕಗಳ ಸಂಖ್ಯೆ ಎಂಟು ಸಾವಿರ ದಾಟಿತು. ಇಡೀ ಕೌದಿಯನ್ನು ಒಂದೇ ಕಡೆ ಒಮ್ಮೆಗೇ ಹಾಸಿದ್ದು 1996ರಲ್ಲಿ ಕೊನೆಯ ಬಾರಿ. ಅನಂತರ ಅದು ಅಂಥ ಬಯಲಿಗೂ ಹಿಡಿಸದಷ್ಟು ದೊಡ್ಡದಾಯಿತು. ಈಗ ಸುಮಾರು 50,000 ಫಲಕಗಳು, 1,10,000 ಹೆಸರುಗಳು ಮತ್ತು 54 ಟನ್ ತೂಕವಿರುವ ಈ ಕೃತಿಗೆ ಹೊಸ ಫಲಕಗಳು ಇಂದಿಗೂ ಸೇರುತ್ತಿವೆ.

ಕಾಲ ಬಟ್ಟೆಯನ್ನೂ ಬಿಡುವುದಿಲ್ಲ. ಬಣ್ಣ ಮಾಸುತ್ತದೆ, ಅಂಟು ಬಿಡುತ್ತದೆ, ಮತ್ತೆ ಮತ್ತೆ ಮಡಿಸಿ ಬಿಚ್ಚಿದ ಕಡೆ ಎಳೆ ಸವೆಯುತ್ತದೆ. ಆರಂಭದಿಂದಲೂ ಇದರ ದುರಸ್ತಿಯಲ್ಲಿ ತೊಡಗಿರುವ ಗರ್ಟ್ ಮ್ಯಾಕ್‌ಮಲಿನ್ 2020ರಲ್ಲಿ ಕೊರೊನಾ ಹರಡಿದಾಗ, ಫಲಕಗಳಿಗೆಂದು ತಂದು ಉಳಿದಿದ್ದ ಬಟ್ಟೆಯನ್ನು ಕತ್ತರಿಸಿ ಮುಖಗವಸುಗಳನ್ನು ಹೊಲಿದರು.